ಬೀಗ ಹಾಕಿದ ಮನೆಯ ಪ್ರೇಮಕಥೆ

ಪ್ರೇಮದ ಜೊತೆ ಭಯ ಬೆರೆತ ಕಾದಂಬರಿಗೆ ಈಗ ರೋಮ್ಯಾಂಟಿಕ್ ಸಸ್ಪೆನ್ಸ್ ಎಂಬ ಹೆಸರಿದೆ. ಕಂತು ಕಂತಾಗಿ ಮೊಬೈಲಿನಲ್ಲೂ ಓದಿಸಿಕೊಳ್ಳುತ್ತಿರುವ ಈ ಬರವಣಿಗೆಯನ್ನು ಇಂಗ್ಲಿಷಿನಿಂದ ಬಂದ ಹೊಸ ಚಟವೆಂದು ತಳ್ಳಿಹಾಕುವುದು ರೂಢಿಯಾಗಿದೆ. ಹುಬ್ಬಳ್ಳಿ-ಧಾರವಾಡದ ಓದಿನ ಚರಿತ್ರೆಯನ್ನು ನೋಡಿದರೆ ಈ ಮಾತನ್ನು ಒಪ್ಪಲಾಗದು. ಈ ಸೀಮೆಯಲ್ಲಿ ಕನ್ನಡ ಕಾದಂಬರಿಗೆ ಓದುಗರು ಸಿಕ್ಕಿದ್ದರಲ್ಲಿ ಪ್ರೇಮ ಮತ್ತು ಕುತೂಹಲ ಕೂಡಿದ ಕಥೆಗಳ ಪಾಲು ದೊಡ್ಡದು. ಆ ಜೋಡಿಯ ಸೆಳೆತ ಬರೀ ರಂಜನೆಯದಲ್ಲ. ಕೈ ಹಿಡಿದ ಗಂಡಸು ನಂಬಿಕೆಗೆ ಯೋಗ್ಯನೋ ಅಲ್ಲವೋ ಎಂಬ ಪ್ರಶ್ನೆ ಇಲ್ಲಿಯ ಹೆಣ್ಣುಮಕ್ಕಳ ಬದುಕಿನಲ್ಲೇ ಇತ್ತು. ಮನೆಯಲ್ಲಿ ಬಾಯಿಬಿಟ್ಟು ಕೇಳಲಾಗದ ಆ ಪ್ರಶ್ನೆಯನ್ನು ಕಥೆ ಕೇಳಿತು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿಯ ಮೇಲೂ ಓದಿನ ಮೇಲೂ ಮರಾಠಿಯ ಪ್ರಭಾವ ಗಾಢವಾಗಿತ್ತು. 1890ರಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಬಹುಮಾನ ಕೊಟ್ಟು ಕನ್ನಡ ಪುಸ್ತಕಗಳನ್ನು ಬರೆಯಿಸತೊಡಗಿತು. 1898ರಲ್ಲಿ ಆ ಬಹುಮಾನ ಪಡೆದ ‘ಪ್ರಬುದ್ಧ ಪದ್ಮನಯನೆ’ ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಶಾಲಾ ಮಾಸ್ತರರ ಮೊದಲ ಕಾದಂಬರಿ. ನಾಡು ಅವರನ್ನು ಬಲ್ಲದ್ದು ಗಳಗನಾಥರೆಂದು. ತಾವೇ ಬರೆದ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ ಮನುಷ್ಯ ಅವರು. ಕನ್ನಡ ಓದುವ ಅಭ್ಯಾಸವೇ ಇಲ್ಲದ ಮನೆಯ ಕಟ್ಟೆಯ ಮೇಲೆ ಕೂತು ಗಂಟು ಬಿಚ್ಚುವವನಿಗೆ ಒಂದು ಸತ್ಯ ಬೇಗ ತಿಳಿಯುತ್ತದೆ: ಭಾಷಾಭಿಮಾನದಿಂದ ಒಂದು ಪುಸ್ತಕ ಖರ್ಚಾದೀತು, ಎರಡನೆಯದು ಖರ್ಚಾಗಬೇಕಾದರೆ ಮುಂದೇನಾಯಿತೆಂಬ ಹಂಬಲ ಬೇಕು. ಅಗಡಿಯ ಆನಂದವನದಿಂದ ಅವರು ನಡೆಸಿದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಆ ಹಂಬಲವನ್ನು ತಿಂಗಳಿಂದ ತಿಂಗಳಿಗೆ ಕಾಯಿಸಿ ಬೆಳೆಸಿತು.

ಗಳಗನಾಥರ ಗುರಿ ಧರ್ಮ ಮತ್ತು ನಾಡಿನ ಅಭಿಮಾನವಾಗಿತ್ತು, ಅವರನ್ನು ಪ್ರೇಮಕಥೆಗಾರರ ಸಾಲಿಗೆ ಎಳೆಯಬಾರದು ಎಂದು ಹೇಳುವವರಿದ್ದಾರೆ. ಗುರಿ ಅದೇ ಎಂಬುದು ನಿಜ. ಆದರೆ ‘ಕನ್ನಡಿಗರ ಕರ್ಮಕಥೆ’ಯನ್ನು ತೆಗೆದು ನೋಡಿ. ಹರಿ ನಾರಾಯಣ ಆಪಟೆಯವರ ಮರಾಠಿ ‘ವಜ್ರಾಘಾತ’ವನ್ನು ಆಧರಿಸಿದ ಈ ಕೃತಿಯ ವಸ್ತು 1565ರ ತಾಳೀಕೋಟೆಯ ಯುದ್ಧದಲ್ಲಿ ವಿಜಯನಗರ ಮುರಿದುಬಿದ್ದದ್ದು. ಅದನ್ನು ಹೇಳಲು ಸೈನ್ಯಗಳ ಲೆಕ್ಕವೇ ಸಾಕಿತ್ತು. ಕಥೆಯ ಜೀವಾಳ ಮಾತ್ರ ರಾಮರಾಜ ಮತ್ತು ಮೆಹರ್ಜಾನಳ ಪ್ರೇಮ, ಅವನು ಉಳಿಸಿಕೊಳ್ಳದ ಮಾತು, ವೈರಿಗಳ ಪಾಳೆಯದಲ್ಲಿ ಬೆಳೆದ ಮಗ ರಣಮಸ್ತಖಾನ. ಒಬ್ಬ ಹೆಣ್ಣಿಗೆ ಕೊಟ್ಟ ಮಾತು ತಪ್ಪಿದ್ದರಿಂದ ಸಾಮ್ರಾಜ್ಯವೇ ಹೋಯಿತೆಂಬುದನ್ನು ಇತಿಹಾಸಕಾರರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಓದುವವರು ಒಪ್ಪಿದರು. ತಾಳೀಕೋಟೆ ಅವರಿಗೆ ದೂರದ ಮಾತು, ಮಾತಿಗೆ ತಪ್ಪುವ ಗಂಡಸು ದೂರದವನಲ್ಲ.

ಆ ಕಾಲದ ಹೆಂಗಸರಿಗೆ ಓದಲು ಬರುತ್ತಿತ್ತೇ ಎಂಬ ಆಕ್ಷೇಪಕ್ಕೆ ತೂಕವಿದೆ. ಅಕ್ಷರ ಬಲ್ಲ ಹೆಂಗಸರು ತೀರ ಕಡಿಮೆ. ಆದರೆ ಒಬ್ಬರು ಓದಿ ಹತ್ತು ಮಂದಿ ಕೇಳುವ ಪುರಾಣದ ಪದ್ಧತಿ ಈ ಮನೆಗಳಲ್ಲಿ ಗಟ್ಟಿಯಾಗಿತ್ತು, ಕಾದಂಬರಿಯೂ ಆ ಜಾಡಿನಲ್ಲೇ ಒಳಗೆ ಬರುವುದು ಕಷ್ಟವಿರಲಿಲ್ಲ. ಕೇಳುವವರು ಎಂಥ ಬದುಕಿನವರು ಎಂಬುದನ್ನೂ ನೆನೆಯಬೇಕು. 1891ರ ಕಾಯ್ದೆ ಹೆಣ್ಣಿನ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ್ದಕ್ಕೇ ದೇಶದಲ್ಲಿ ಗದ್ದಲವೆದ್ದಿತ್ತು. ಶಾರದಾ ಕಾಯ್ದೆ ಮದುವೆಯ ವಯಸ್ಸನ್ನು ಹದಿನಾಲ್ಕಕ್ಕೆ ನಿಲ್ಲಿಸಿದ್ದು 1929ರಲ್ಲಿ. ಮುಖಪರಿಚಯವೂ ಇಲ್ಲದ ಗಂಡನ ಮನೆಗೆ ಕಾಲಿಡುವ ಹುಡುಗಿಗೆ ಪ್ರೇಮ ಮತ್ತು ಭಯ ಬೇರೆ ಬೇರೆಯಾಗಿ ಬರುವುದಿಲ್ಲ.

ಮುಂದಿನ ದಶಕಗಳಲ್ಲಿ ಈ ಅಭಿರುಚಿಗೆ ಹಲವು ದಾರಿಗಳು ತೆರೆದವು. ಬಾಗಲಕೋಟೆಯಲ್ಲಿ ವಕೀಲರಾಗಿದ್ದ ಕೆರೂರ ವಾಸುದೇವಾಚಾರ್ಯರು 1908ರಲ್ಲಿ ‘ಇಂದಿರೆ’ಯನ್ನು ಕೊಟ್ಟರು, ಪತ್ತೇದಾರಿ ಕಥೆಗಳಿಗೂ ಕೈ ಹಾಕಿದರು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ಪಾ.ವೆಂ. ಆಚಾರ್ಯರ ಕೈಯಲ್ಲಿ ಬೆಳೆದು ಹೊರನಾಡಿನ ಪುಸ್ತಕಗಳನ್ನು ಸಂಗ್ರಹಿಸಿ ಮನೆಗೆ ಮುಟ್ಟಿಸಿತು. ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ 1933ರಿಂದ ಚಂದಾದಾರರನ್ನು ನಂಬಿ ನಡೆದದ್ದು. ಧಾರವಾಡದ ಸುಭಾಸ ರಸ್ತೆಯ ಅದರ ಅಟ್ಟ ಗಂಭೀರ ಸಾಹಿತ್ಯದ ಮನೆ. ಅಗ್ಗದ ಕುತೂಹಲಕ್ಕೆ ಅಲ್ಲಿ ಜಾಗವಿರಲಿಲ್ಲ ಎಂಬುದು ಸಾಮಾನ್ಯ ನಂಬಿಕೆ. ಆದರೆ 1965ರಲ್ಲಿ ಅದೇ ಮಾಲೆ ಹೊರತಂದ ‘ಸಂಸ್ಕಾರ’ ಕಾದಂಬರಿ ಏನು ಮಾಡುತ್ತದೆ? ಹೆಣ ಮನೆಯೊಳಗೇ ಇದೆ, ಸಂಸ್ಕಾರ ಯಾರು ಮಾಡಬೇಕೆಂಬುದು ತೀರ್ಮಾನವಾಗಿಲ್ಲ. ಆ ನಡುವೆ ಕಾಡಿನ ಕತ್ತಲಲ್ಲಿ ಪ್ರಾಣೇಶಾಚಾರ್ಯ ಮತ್ತು ಚಂದ್ರಿ ಕೂಡುತ್ತಾರೆ. ಆಮೇಲೆ ಯಾರಾದರೂ ಗುರುತು ಹಿಡಿದಾರೆಂಬ ಅಂಜಿಕೆಯಲ್ಲೇ ಆಚಾರ್ಯರ ಅಲೆದಾಟ. ಕಾಮನೆಯೂ ಅಂಜಿಕೆಯೂ ಸೇರಿ ಪುಟ ತಿರುವಿಸುತ್ತವೆ. ಕೃತಿಯ ಘನತೆ ಇದರಿಂದ ಒಂದಿಷ್ಟೂ ತಗ್ಗುವುದಿಲ್ಲ.

ನನ್ನ ವಾದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಗಿರೀಶ ಕಾರ್ನಾಡರ ನಾಟಕ ‘ನಾಗಮಂಡಲ’. ಧಾರವಾಡದಲ್ಲಿ ಬೆಳೆದ ಕಾರ್ನಾಡರಿಗೆ ಇದರ ಜನಪದ ಕಥೆಗಳನ್ನು ಹೇಳಿದವರು 1950ರ ದಶಕದಲ್ಲಿ ಬೆಳಗಾವಿಯಲ್ಲಿ ಪಾಠ ಹೇಳುತ್ತ ಕಥೆ ಸಂಗ್ರಹಿಸಿದ ಎ.ಕೆ. ರಾಮಾನುಜನ್. ಹೊಸದಾಗಿ ಬಂದ ರಾಣಿಯನ್ನು ಗಂಡ ಅಪ್ಪಣ್ಣ ಒಳಗಿಟ್ಟು ಬೀಗ ಹಾಕುತ್ತಾನೆ. ಹಗಲು ಊಟಕ್ಕಷ್ಟೇ ಬರುತ್ತಾನೆ. ಅವನನ್ನು ಒಲಿಸಿಕೊಳ್ಳಲು ಬೇರು ಅರೆದು ಬೆರೆಸಿದ ಸಾರು ಹುತ್ತಕ್ಕೆ ಬಿದ್ದಾಗ ನಾಗ ಮರುಳಾಗುತ್ತದೆ. ರಾತ್ರಿ ಬಚ್ಚಲ ಮೋರಿಯಿಂದ ನುಸುಳಿ ಅದೇ ಗಂಡನ ರೂಪದಲ್ಲಿ ಎದುರು ನಿಲ್ಲುತ್ತದೆ. ಹಗಲು ಬಯ್ಯುವವನು, ರಾತ್ರಿ ತಲೆ ನೇವರಿಸುವವನು ಒಬ್ಬನೇ ಹೇಗೆ? ಡಾಫ್ನೆ ದು ಮೊರಿಯೆಯ ‘ರೆಬೆಕ್ಕಾ’ 1938ರಲ್ಲಿ ಬಂದು ಜಗತ್ತನ್ನು ಸೆಳೆದದ್ದೂ ಗಂಡನನ್ನು ಅರಿಯಲಾರದ ಎಳೆಯ ಹೆಂಡತಿಯ ಇಂಥದೇ ದಿಗಿಲಿನಿಂದ. ನಮ್ಮ ಅಜ್ಜಿಯರಿಗೆ ಆ ದಿಗಿಲನ್ನು ಕಲಿಯಲು ಇಂಗ್ಲಿಷ್ ಬೇಕಾಗಿರಲಿಲ್ಲ.

ಕಠಿಣವಾದ ಆಕ್ಷೇಪ ಇನ್ನೊಂದಿದೆ. ಇಂಥ ಕಥೆಗಳು ಗಂಡಸಿನ ಒರಟುತನಕ್ಕೆ ಪ್ರೇಮದ ಬಣ್ಣ ಬಳಿದು, ಅದನ್ನು ಸಹಿಸಿಕೊಳ್ಳಲು ಹೆಣ್ಣಿಗೆ ಕಲಿಸುತ್ತವೆ ಎಂಬುದು. ಬಯ್ದು ಬಡಿದವನನ್ನೇ ಕೊನೆಯ ಅಧ್ಯಾಯದಲ್ಲಿ ನಾಯಕನನ್ನಾಗಿಸುವ ಕಾದಂಬರಿಗಳು ಕನ್ನಡದಲ್ಲೂ ಸಾಕಷ್ಟಿವೆ, ಅವುಗಳ ಬಗ್ಗೆ ಈ ದೂರು ಸರಿ. ಆದರೆ ದೂರು ಆ ಮುಕ್ತಾಯಕ್ಕೆ ಸಲ್ಲುತ್ತದೆ, ಇಡೀ ಪ್ರಕಾರಕ್ಕೆ ಸಲ್ಲುವುದಿಲ್ಲ. ಕುತೂಹಲದ ಕಥೆ ನಡೆಯಬೇಕಾದರೆ ನಾಯಕಿ ಅನುಮಾನಪಡಲೇಬೇಕು, ಕಂಡದ್ದನ್ನು ತಾಳೆ ನೋಡಲೇಬೇಕು. ಗಂಡನೇ ದೇವರೆಂದು ನಂಬಿ ಕೂತವಳಿಂದ ಸಸ್ಪೆನ್ಸ್ ಹುಟ್ಟುವುದಿಲ್ಲ. ‘ನಾಗಮಂಡಲ’ದಲ್ಲೂ ಕೊನೆಗೆ ಮಗ್ಗುಲಲ್ಲಿ ಮಲಗಿದವನು ರಾತ್ರಿ ಬರುತ್ತಿದ್ದವನಲ್ಲ ಎಂಬುದು ರಾಣಿಗೆ ಹೊಳೆಯುತ್ತದೆ. ನಾಟಕಕ್ಕೆ ಒಂದು ಮುಕ್ತಾಯ ಸಾಲದೆ ಹೋಗಿ, ಇನ್ನೊಂದರಲ್ಲಿ ನಾಗ ಅವಳ ತುರುಬಿನಲ್ಲೇ ಬದುಕಿ ಉಳಿಯುತ್ತದೆ. ಗಂಡ ಒಳ್ಳೆಯವನಾದ, ಎಲ್ಲ ಸರಿಹೋಯಿತು ಎಂಬ ಸುಲಭದ ರಾಜಿಗೆ ರಾಣಿಯ ಕಥೆ ಒಪ್ಪಲಿಲ್ಲ. ಇವತ್ತು ಈ ಬಗೆಯ ಕಾದಂಬರಿ ಬರೆಯುವವರು ಅಳತೆಗೋಲಾಗಿ ಇಟ್ಟುಕೊಳ್ಳಬೇಕಾದದ್ದು ಅವಳ ಕಥೆಯನ್ನು.