ಬಣ್ಣದ ಡಬ್ಬಿ ಮತ್ತು ಸುರಿಯುವ ಕೈ



ಇತಿಹಾಸವೆಂದರೆ ರಾಜರ ವಂಶಾವಳಿಯೂ ಯುದ್ಧಗಳ ಇಸವಿಯೂ ಮಾತ್ರವಲ್ಲವೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಒಲೆಗೂ ಚರಿತ್ರೆಯಿದೆ, ಬಾವಿಯ ಗಡಗಡೆಗೂ ಚರಿತ್ರೆಯಿದೆ. ಇಂದು ನಾನು ಬರೆಯಹೊರಟಿರುವುದು ಬಣ್ಣದ ಡಬ್ಬಿಯ ಚರಿತ್ರೆಯನ್ನು. ಹೊಸ ಮನೆ ಕಟ್ಟಿಸಿರುವ ಶಿಷ್ಯನೊಬ್ಬ ಇತ್ತೀಚೆಗೆ ದೂರವಾಣಿಯಲ್ಲಿ ಮಾತನಾಡುತ್ತ, “ಸರ್, ಗೋಡೆಗೆ ಬಳಿದಷ್ಟೇ ಬಣ್ಣ ನೆಲಕ್ಕೂ ಬಿದ್ದಿದೆ” ಎಂದು ನಕ್ಕ. ಡಬ್ಬಿಯಿಂದ ಸುರಿದ ಬಣ್ಣ ನೇರವಾಗಿ ಬೀಳದೆ ಅಂಚಿಗೆ ಅಂಟಿಕೊಂಡು ಹೊರಮೈಗುಂಟ ಇಳಿಯುವುದೇಕೆ ಎಂಬ ಪ್ರಶ್ನೆ ಅಂದಿನಿಂದ ನನ್ನ ತಲೆಯಲ್ಲಿ ಉಳಿಯಿತು. ಅದರ ಉತ್ತರದ ಅರ್ಧ ವಿಜ್ಞಾನದಲ್ಲಿದೆ, ಇನ್ನರ್ಧ ಇತಿಹಾಸದಲ್ಲಿದೆ.

ಮೊದಲು ನಮ್ಮ ಸೀಮೆಯಿಂದಲೇ ಆರಂಭಿಸೋಣ. ಬಣ್ಣದ ವಿಷಯದಲ್ಲಿ ಕೊಪ್ಪಳ ಜಿಲ್ಲೆ ಬಡವಲ್ಲ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಬೆಟ್ಟದಲ್ಲಿ ಬೃಹತ್ ಶಿಲಾಯುಗದ ನೂರಾರು ಕಲ್ಮನೆಗಳಿವೆ. ಅಲ್ಲಿಯ ಬಂಡೆಗಳ ಆಸರೆಯಲ್ಲಿ ಕೆಂಪು ಜಾಜಿನಿಂದ ಬರೆದ ಮನುಷ್ಯರ ಮತ್ತು ಪ್ರಾಣಿಗಳ ಚಿತ್ರಗಳಿವೆ. 2021ರಲ್ಲಿ ಈ ತಾಣ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಆನೆಗೊಂದಿಯ ಹುಚ್ಚಪ್ಪಯ್ಯನ ಮಠದ ಛಾವಣಿಯಲ್ಲಿ ಹಳೆಯ ವರ್ಣಚಿತ್ರಗಳ ಕುರುಹುಗಳಿವೆ. ಹೊಳೆಯಾಚೆಗಿನ ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮಾಳಿಗೆಯನ್ನು ಕತ್ತೆತ್ತಿ ನೋಡದೆ ಪ್ರವಾಸದಿಂದ ಮರಳಿದ ವಿದ್ಯಾರ್ಥಿ ನನ್ನ ಕಾಲದಲ್ಲಿ ಯಾರೂ ಇರಲಿಲ್ಲ.

ಆ ಕಾಲದ ಬಣ್ಣ ತಯಾರಾಗುತ್ತಿದ್ದ ಬಗೆಯನ್ನು ತಿಳಿಯಲು ನಮ್ಮಲ್ಲಿ ಒಂದು ದೊಡ್ಡ ಗ್ರಂಥವೇ ಇದೆ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದ ದಂಡನಾಯಕ ಮಹಾದೇವನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಸೇವೆಯಲ್ಲಿದ್ದವನು. ಆ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಗೆ ಮೀಸಲಾದ ಭಾಗವಿದೆ. ಎಮ್ಮೆಯ ಚರ್ಮವನ್ನು ನೀರಿನಲ್ಲಿ ಕುದಿಸಿ ಬೆಣ್ಣೆಯಂತೆ ಮಾಡಿ, ಒಣಗಿಸಿ ಕಡ್ಡಿಗಳನ್ನಾಗಿ ಇಟ್ಟುಕೊಳ್ಳುವ ವಜ್ರಲೇಪವೆಂಬ ಅಂಟನ್ನು ಅಲ್ಲಿ ವರ್ಣಿಸಲಾಗಿದೆ. ಬೇಕಾದಾಗ ಆ ಕಡ್ಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಬಣ್ಣದೊಡನೆ ಕಲಸಬೇಕು. ಶಂಖದ ಬಿಳಿ, ಜಾಜಿನ ಕೆಂಪು, ಹರಿತಾಳದ ಹಳದಿ, ದೀಪದ ಕಾಡಿಗೆಯ ಕಪ್ಪು ಇವೆಲ್ಲ ಅಲ್ಲಿ ಬರುತ್ತವೆ. ಕರುವಿನ ಕಿವಿಯ ಕೂದಲಿನಿಂದ ಕುಂಚ ಮಾಡುವ ಕ್ರಮವೂ ಇದೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಬಹುಕಾಲ ಇಟ್ಟುಕೊಳ್ಳುತ್ತಿದ್ದುದು ಒಣಗಿದ ಅಂಟನ್ನು ಮತ್ತು ಒಣಗಿದ ಬಣ್ಣದ ಪುಡಿಯನ್ನು, ದ್ರವರೂಪದ ಬಣ್ಣವನ್ನಲ್ಲ. ಕಲಸಿದ ಬಣ್ಣ ಆ ಹೊತ್ತಿನ ಕೆಲಸಕ್ಕೆ ಬೇಕಾದಷ್ಟೇ.

ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಇದೇ ಕ್ರಮದ ಮುಂದುವರಿಕೆಯನ್ನು ಕಾಣುತ್ತೇವೆ. ಅಲ್ಲಿಯ ಚಿತ್ರಗಾರ ಮನೆತನಗಳು ಹಗುರವಾದ ಮರದಿಂದ ಗೊಂಬೆಗಳನ್ನೂ ದೇವರ ಮೂರ್ತಿಗಳನ್ನೂ ಕೆತ್ತುತ್ತವೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಡನೆ ಕಲಸಿದ ‘ಕಿಟ್ಟ’ವನ್ನು ಮೈಗೆಲ್ಲ ಬಳಿಯುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ತುಂಡು, ಆ ಮೇಲೆ ನುಣುಪು ಕಲ್ಲಿನ ಪುಡಿಯ ಲೇಪ. ಬಣ್ಣ ಬರುವುದು ಕೊನೆಗೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಲೆಯಲ್ಲಿ ಇಂದು ಅಂಗಡಿಯ ಡಬ್ಬಿಯ ಬಣ್ಣವೂ ಸೇರಿಕೊಂಡಿದೆ. ಆದರೂ ಬಣ್ಣ ಹಚ್ಚುವವನ ಎದುರಿಗಿರುವುದು ಸಣ್ಣ ಬಟ್ಟಲೇ. ಆತ ಬಣ್ಣವನ್ನು ಸುರಿಯುವುದಿಲ್ಲ, ಕುಂಚವನ್ನು ಅದ್ದುತ್ತಾನೆ.

ನಮ್ಮ ಇರಕಲ್ಲಗಡದ ಮನೆಗಳಲ್ಲಿಯೂ ಹೀಗೆಯೇ ಇತ್ತು. ಹಬ್ಬ ಹತ್ತಿರ ಬಂದಾಗ ಸುಣ್ಣದ ಹರಳುಗಳನ್ನು ಹರವಿಯ ನೀರಿಗೆ ಹಾಕಿದರೆ ಅದು ಕೊತಕೊತ ಕುದಿಯುತ್ತಿತ್ತು. ಕಣ್ಣಿಗೆ ಸಿಡಿದೀತೆಂದು ಹಿರಿಯರು ಮಕ್ಕಳನ್ನು ದೂರ ಅಟ್ಟುತ್ತಿದ್ದರು. ತಣಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಅಗಲ ಬಾಯಿಯ ಪಾತ್ರೆಗೆ ತೋಡಿಕೊಂಡು, ನಾರಿನ ಕುಂಚದಿಂದ ಗೋಡೆಗೆ ಬಳಿಯುವುದು. ಗೋಡೆಯ ಬುಡಕ್ಕೆ ಜಾಜಿನ ಪಟ್ಟಿ ಎಳೆಯುವುದು. ಜಾಜಿಗೆ ತೆಂಗಿನ ಕರಟವೇ ಸಾಕು. ಸುಣ್ಣ ನೆಲಕ್ಕೆ ಬಿದ್ದರೂ ಚಿಂತೆಯಿರಲಿಲ್ಲ. ಸೆಗಣಿ ಸಾರಿಸಿದರೆ ಮುಗಿಯಿತು. ಹಿರೇಬೆಣಕಲ್ಲಿನ ಬಂಡೆಯಿಂದ ನಮ್ಮ ಪಡಸಾಲೆಯ ಗೋಡೆಯವರೆಗೆ ಬಣ್ಣದ ಕೆಲಸವೆಂದರೆ ತೋಡುವ ಮತ್ತು ಅದ್ದುವ ಕೆಲಸವಾಗಿತ್ತು.

ಹಾಗಾದರೆ ಸುರಿಯುವ ಕೆಲಸ ಬಂದದ್ದು ಯಾವಾಗ? ಡಬ್ಬಿ ಬಂದಾಗ.

ತವರದ ಲೇಪವಿರುವ ಕಬ್ಬಿಣದ ಡಬ್ಬಿ ಹುಟ್ಟಿದ್ದು ಬಣ್ಣಕ್ಕಾಗಿ ಅಲ್ಲ, ಆಹಾರಕ್ಕಾಗಿ. ಪೀಟರ್ ಡುರಾಂಡ್ ಎಂಬಾತ 1810ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಆ ಡಬ್ಬಿಗಳನ್ನು ಬೆಸುಗೆ ಹಾಕಿ ಭದ್ರವಾಗಿ ಮುಚ್ಚುತ್ತಿದ್ದರು. ತೆರೆಯಲು ಉಳಿ ಸುತ್ತಿಗೆ ಬೇಕಾಗುತ್ತಿತ್ತು. ಡಬ್ಬಿ ತೆರೆಯುವ ಸಲಕರಣೆ ಬಂದದ್ದು ಸುಮಾರು ನಾಲ್ಕೂವರೆ ದಶಕಗಳ ಅನಂತರ. ಅಂದರೆ ಮುಚ್ಚುವ ಚಿಂತೆ ಮೊದಲು, ತೆರೆಯುವ ಚಿಂತೆ ಆಮೇಲೆ. ಮುಂದೆ ಅಮೆರಿಕದಲ್ಲಿ 1860ರ ದಶಕದಿಂದ ಕಲಸಿದ ಸಿದ್ಧ ಬಣ್ಣ ಮಾರಾಟಕ್ಕೆ ಬಂತು. ಅಲ್ಲಿಯವರೆಗೆ ಅಲ್ಲಿಯೂ ಬಣ್ಣಗಾರನೇ ಪುಡಿಯನ್ನು ಎಣ್ಣೆಯಲ್ಲಿ ಅರೆದುಕೊಳ್ಳುತ್ತಿದ್ದ. ಸಿದ್ಧ ಬಣ್ಣ ಗಾಳಿಗೆ ಕೆನೆಗಟ್ಟಬಾರದು, ರೈಲಿನಲ್ಲಿ ಉರುಳಿದರೂ ಸೋರಬಾರದು, ಅರ್ಧ ಬಳಸಿದ ಮೇಲೆ ಪುನಃ ಮುಚ್ಚುವಂತಿರಬೇಕು. 1877ರಲ್ಲಿ ಶರ್ವಿನ್ ವಿಲಿಯಮ್ಸ್ ಕಂಪನಿ ಮರಳಿ ಮುಚ್ಚಬಹುದಾದ ಡಬ್ಬಿಗೆ ಪೇಟೆಂಟ್ ಪಡೆಯಿತು.

ಇಂದು ನಾವು ಬಳಸುವ ತಗಡಿನ ಬಣ್ಣದ ಡಬ್ಬಿಯ ಬಾಯಿಯನ್ನು ನೋಡಿರಿ. ಸುತ್ತಲೂ ಒಂದು ಕಾಲುವೆಯಿದೆ. ಮುಚ್ಚಳ ಅದರೊಳಗೆ ಬಿಗಿಯಾಗಿ ಕೂರುತ್ತದೆ. ಮುಚ್ಚುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಸುರಿಯುವುದಕ್ಕೆ ಇದಕ್ಕಿಂತ ಕೆಟ್ಟ ಬಾಯಿಯಿಲ್ಲ. ನಮ್ಮ ತಂಬಿಗೆಗೆ ಹೊರಕ್ಕೆ ಬಾಗಿದ ಕಂಠವಿದೆ, ಗಿಂಡಿಗೆ ಕೊಳವೆಯಿದೆ. ಡಬ್ಬಿಗೆ ಎರಡೂ ಇಲ್ಲ. ಅದನ್ನು ರೂಪಿಸಿದವರ ಕಣ್ಣ ಮುಂದೆ ಇದ್ದದ್ದು ಕಾರ್ಖಾನೆ, ಗೋದಾಮು ಮತ್ತು ಅಂಗಡಿ. ಸುರಿಯುವ ಕಷ್ಟವನ್ನು ಬಣ್ಣಗಾರನ ಮಣಿಕಟ್ಟಿಗೆ ಬಿಟ್ಟುಬಿಟ್ಟರು. ಒಂದು ವಸ್ತು ಯಾರ ಅನುಕೂಲಕ್ಕಾಗಿ ಹುಟ್ಟಿತೆಂಬುದನ್ನು ಅದರ ಆಕಾರವೇ ಹೇಳುತ್ತದೆ ಎಂಬುದು ನಾನು ಈ ಡಬ್ಬಿಯಿಂದ ಕಲಿತ ಇತಿಹಾಸದ ಪಾಠ.

ಭಾರತದಲ್ಲಿ 1902ರಲ್ಲಿ ಹೌರಾದಲ್ಲಿ ಶಾಲಿಮಾರ್ ಕಾರ್ಖಾನೆ, 1942ರಲ್ಲಿ ಮುಂಬಯಿಯಲ್ಲಿ ಏಷ್ಯನ್ ಪೇಂಟ್ಸ್ ಆರಂಭವಾದವು. ಏಷ್ಯನ್ ಪೇಂಟ್ಸ್ ಡಬ್ಬಿಯ ಮೇಲೆ ನಗುತ್ತಿದ್ದ ತುಂಟ ಹುಡುಗ ‘ಗಟ್ಟು’ವನ್ನು 1954ರಲ್ಲಿ ಬರೆದವರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ಮೈಸೂರಿನಲ್ಲಿಯೇ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಸ್ಥಾಪನೆಯಾಯಿತು. ಅದು 1947ರಲ್ಲಿ ಸರ್ಕಾರಿ ಉದ್ಯಮವಾಗಿ, 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರು ಪಡೆಯಿತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಬರುವುದು ಅಲ್ಲಿಂದಲೇ.

ಆ ಶಾಯಿಯ ಮಾತು ಬಂದಾಗ ನಮ್ಮಂಥ ಶಿಕ್ಷಕರಿಗೆ ಚುನಾವಣಾ ಕರ್ತವ್ಯ ನೆನಪಾಗದಿರದು. ಮತಗಟ್ಟೆಗೆ ಕೊಡುವ ಸಾಮಗ್ರಿಗಳಲ್ಲಿ ಶಾಯಿಯ ಪುಟ್ಟ ಬಾಟಲಿಯ ಜೊತೆಗೆ ಅದನ್ನಿಡಲು ಒಂದು ಖಾಲಿ ಡಬ್ಬಿ ಅಥವಾ ಬಟ್ಟಲೂ ಇರುತ್ತದೆ. ಅದರಲ್ಲಿ ಮರಳು ಅಥವಾ ಸಡಿಲ ಮಣ್ಣು ತುಂಬಿ, ಬಾಟಲಿಯನ್ನು ಮುಕ್ಕಾಲು ಭಾಗ ಹೂತು ನಿಲ್ಲಿಸಬೇಕೆಂದು ಅಧ್ಯಕ್ಷಾಧಿಕಾರಿಗಳ ಕೈಪಿಡಿಯೇ ಹೇಳುತ್ತದೆ. ಶಾಯಿ ಚೆಲ್ಲಿದರೆ ಮೇಜೂ ಬಟ್ಟೆಯೂ ಕಲೆಯಾಗುತ್ತವೆ, ಮಿಗಿಲಾಗಿ ಮತದಾನವೇ ತಡೆದೀತು. ಎಷ್ಟು ಅಗ್ಗದ, ಎಷ್ಟು ಬುದ್ಧಿವಂತಿಕೆಯ ಉಪಾಯ! ಬಾಟಲಿಯನ್ನು ರೂಪಿಸಿದವರು ಯೋಚಿಸದ್ದನ್ನು ಬಾಟಲಿಯನ್ನು ಬಳಸುವವರು ಯೋಚಿಸಿದರು.

ಇನ್ನು ವಿಜ್ಞಾನದ ಮಾತು. ಚಹದ ಕೆಟಲಿನಿಂದ ನಿಧಾನವಾಗಿ ಬಗ್ಗಿಸಿದಾಗ ಚಹ ಮೂತಿಯ ಕೆಳಗೆ ಹರಿದು ಮೇಜಿನ ಮೇಲೆ ಬೀಳುವುದನ್ನು ನೀವೆಲ್ಲ ಕಂಡಿದ್ದೀರಿ. 1956ರಲ್ಲಿ ಮಾರ್ಕುಸ್ ರೈನರ್ ಎಂಬ ವಿಜ್ಞಾನಿ ಇದಕ್ಕೆ ‘ಕೆಟಲಿನ ಪರಿಣಾಮ’ವೆಂದು ಹೆಸರಿಟ್ಟ. ಮರುವರ್ಷ ಜೋಸೆಫ್ ಕೆಲ್ಲರ್ ಎಂಬ ಗಣಿತಜ್ಞ ಅದರ ಕಾರಣವನ್ನು ವಿವರಿಸಿದ. ದ್ರವ ಅಂಚನ್ನು ಸುತ್ತಿ ತಿರುಗುವಾಗ ಅದರೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ಆಗ ಗಾಳಿಯೇ ದ್ರವವನ್ನು ಪಾತ್ರೆಯ ಮೈಗೆ ಒತ್ತಿ ಹಿಡಿಯುತ್ತದೆ. ಪಾತ್ರೆಯ ಮೈ ಒದ್ದೆಯಾದಷ್ಟೂ ಈ ಅಂಟು ಹೆಚ್ಚು. ಅಂಚು ದುಂಡಗಿದ್ದರೆ, ಹರಿವು ನಿಧಾನವಾಗಿದ್ದರೆ ಸೋರಿಕೆ ಖಚಿತ. ಅಂಚು ಚೂಪಾಗಿದ್ದು ಹರಿವು ಜೋರಾಗಿದ್ದರೆ ಧಾರೆ ಕಡಿದು ದೂರ ಬೀಳುತ್ತದೆ. ಹನಿಯದ ಕೆಟಲಿನ ಮೂತಿಯ ಲೆಕ್ಕಾಚಾರಕ್ಕಾಗಿ ಕೆಲ್ಲರ್ ಮತ್ತು ವಾಂಡೆನ್ ಬ್ರೂಕ್ ಇವರಿಗೆ 1999ರಲ್ಲಿ ವಿನೋದದ ಇಗ್ ನೊಬೆಲ್ ಬಹುಮಾನವೂ ದೊರೆಯಿತು.

ಈ ಲೆಕ್ಕವನ್ನು ಯಾವ ಪುಸ್ತಕದಲ್ಲಿಯೂ ಓದದ ನಮ್ಮ ಊರುಗಳ ಬಣ್ಣಗಾರರು ಅದನ್ನು ಕೈಯಲ್ಲಿ ಬಲ್ಲರು. ಅವರು ಮಾಡುವುದನ್ನು ಗಮನಿಸಿ ಇಲ್ಲಿ ಬರೆದಿದ್ದೇನೆ. ನಿಮಗೂ ಉಪಯೋಗಕ್ಕೆ ಬಂದೀತು.

ಬಣ್ಣವನ್ನು ತಳದವರೆಗೆ ಕೋಲಿನಿಂದ ಚೆನ್ನಾಗಿ ಕಲಕಬೇಕು. ಗಂಟಿದ್ದ ಬಣ್ಣ ಸಮನಾಗಿ ಹರಿಯದು. ಅನಂತರ ಬಾಯಿಯ ಸುತ್ತಲಿನ ಕಾಲುವೆಯ ತಳದಲ್ಲಿ ಮೊಳೆಯಿಂದ ಅಲ್ಲಲ್ಲಿ ತೂತು ಹೊಡೆಯಬೇಕು. ಕಾಲುವೆಯಲ್ಲಿ ನಿಂತ ಬಣ್ಣ ಆ ತೂತುಗಳಿಂದ ಮರಳಿ ಡಬ್ಬಿಗೇ ಇಳಿಯುತ್ತದೆ. ಮುಚ್ಚಳ ಕಾಲುವೆಯ ಗೋಡೆಗೆ ಒತ್ತಿ ಕೂರುವುದರಿಂದ ತೂತಿನಿಂದ ಬಿಗಿ ಕೆಡುವುದಿಲ್ಲ. ಸುರಿಯುವಾಗ ಹೆಸರಿನ ಚೀಟಿ ಮೇಲ್ಮುಖವಾಗಿರಲಿ. ಒಂದೆರಡು ಹನಿ ಇಳಿದರೂ ಬಣ್ಣದ ಹೆಸರು, ಸಂಖ್ಯೆ, ತಾರೀಖು ಉಳಿಯುತ್ತವೆ. ಒಣಗಿದ ಕುಂಚವನ್ನು ಅಂಚಿಗೆ ಅಡ್ಡಲಾಗಿ ಹಿಡಿದರೆ ಬಣ್ಣ ಅದರ ಗುಂಟ ನೇರವಾಗಿ ಇಳಿಯುತ್ತದೆ. ಅಂಚಿಗೆ ಅಗಲವಾದ ಕಾಗದದ ಅಂಟುಪಟ್ಟಿಯನ್ನು ಮೂತಿಯಂತೆ ಹೊರಚಾಚಿ ಅಂಟಿಸುವುದೂ ಒಳ್ಳೆಯದೇ. ಹೆದರಿ ನೂಲಿನಂತೆ ಸುರಿಯಬಾರದು. ಒಂದೇ ಧಾರೆಯಾಗಿ ಬಗ್ಗಿಸಿ, ಸಾಕಾದಾಗ ಥಟ್ಟನೆ ಎತ್ತಿ ಸ್ವಲ್ಪ ತಿರುಗಿಸಬೇಕು. ಕೂಡಲೇ ಅಂಚನ್ನು ಕುಂಚದಿಂದ ಒರೆಸಿ, ಆ ಬಣ್ಣವನ್ನು ಗೋಡೆಗೇ ಹಚ್ಚಬೇಕು.

ಟರ್ಪೆಂಟೈನಿನ ಚೌಕ ಡಬ್ಬಿಯಾದರೆ ಕ್ರಮ ಬೇರೆ. ಅದರ ಬಾಯಿ ಮೇಲುಬದಿಗೆ ಬರುವಂತೆ ಹಿಡಿದು ಬಗ್ಗಿಸಬೇಕು. ನೋಡಲು ಇದು ತಪ್ಪೆನಿಸುತ್ತದೆ, ಆದರೆ ಹಾಗೆ ಹಿಡಿದಾಗ ದ್ರವ ಹೊರಬರುತ್ತಿರುವಂತೆಯೇ ಗಾಳಿ ಒಳಹೋಗಲು ದಾರಿಯಿರುತ್ತದೆ. ಗುಳುಗುಳು ಎಂದು ಎಗರುವುದಿಲ್ಲ. ಕೆಲಸ ಮುಗಿದ ಮೇಲೆ ಮುಚ್ಚಳದ ಮೇಲೆ ಬಟ್ಟೆ ಹಾಸಿ, ಮರದ ತುಂಡಿಟ್ಟು ಸುತ್ತಲೂ ಮೆಲ್ಲಗೆ ಬಡಿಯಬೇಕು. ಸುತ್ತಿಗೆಯಿಂದ ನೇರವಾಗಿ ಹೊಡೆದರೆ ಅಂಚು ಸೊಟ್ಟಾಗಿ, ಗಾಳಿ ನುಗ್ಗಿ, ಉಳಿದ ಬಣ್ಣ ಕೆನೆಗಟ್ಟುತ್ತದೆ.

ಇಷ್ಟು ಸಣ್ಣ ಸಂಗತಿಗೆ ಇಷ್ಟು ಮಾತೇಕೆ ಎಂದು ಕೇಳಬಹುದು. ಎರಡು ಕಾರಣಗಳಿವೆ.

ಮೊದಲನೆಯದು ಮಕ್ಕಳ ಆರೋಗ್ಯ. ಹಳೆಯ ಎನಾಮೆಲ್ ಬಣ್ಣಗಳಲ್ಲಿ ಸೀಸ ಬೆರೆಸುವುದು ಸಾಮಾನ್ಯವಾಗಿತ್ತು. ಸೀಸ ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ವಿಷ. ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿ, ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂದು ವಿಧಿಸಿತು. 2017ರ ನವೆಂಬರ್ 1ರಿಂದ ಅದು ಜಾರಿಗೆ ಬಂದಿದೆ. ಆದರೆ ಹಿಂದೆ ಬಳಿದ ಬಾಗಿಲು, ಕಿಟಕಿಗಳ ಪದರಗಳೂ ಮೂಲೆಯಲ್ಲಿಟ್ಟ ಹಳೆಯ ಡಬ್ಬಿಗಳೂ ಇನ್ನೂ ನಮ್ಮ ಮನೆಗಳಲ್ಲಿವೆ. ಹೊಸ ಡಬ್ಬಿ ಕೊಳ್ಳುವಾಗ ಸೀಸದ ಬಗ್ಗೆ ಬರೆದಿರುವುದನ್ನು ಓದಿರಿ. ಹಳೆಯ ಬಣ್ಣವನ್ನು ಒಣಗಿಸಿಯೇ ಕೆರೆಯುವವರಿದ್ದಾರೆ. ಆ ಧೂಳು ಏಳದಂತೆ ನೀರು ಚಿಮುಕಿಸಿ, ಮಕ್ಕಳನ್ನು ದೂರವಿಟ್ಟು ಕೆಲಸ ಮಾಡಿಸಿರಿ. ಉಳಿದ ಬಣ್ಣವನ್ನು ಹಳ್ಳಕ್ಕೂ ಕೆರೆಗೂ ಸುರಿಯಬೇಡಿ.

ಎರಡನೆಯದು ಬಣ್ಣಗಾರನ ಕೂಲಿ. ಸಾಮಾನು ಸಹಿತ ಗುತ್ತಿಗೆ ಹಿಡಿದವನಿಗೆ ನೆಲಕ್ಕೆ ಬಿದ್ದ ಬಣ್ಣವೆಲ್ಲ ಅವನ ದುಡಿಮೆಯಿಂದಲೇ ಹೋದಂತೆ. ದಿನಗೂಲಿಯವನಾದರೆ ಸಂಜೆ ಮಂಡಿಯೂರಿ ಕಲೆ ಉಜ್ಜುವ ಕೆಲಸ ಅವನದೇ. ಆ ಹೊತ್ತಿಗೆ ಪ್ರತ್ಯೇಕ ಕೂಲಿಯಿಲ್ಲ. ಡಬ್ಬಿಯನ್ನು ಮಾಡಿದವರ ಹೆಸರು ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುತ್ತದೆ. ಅದರ ಕೊರತೆಯನ್ನು ದಿನವೂ ತನ್ನ ಮಣಿಕಟ್ಟಿನಿಂದ ತುಂಬುವವನ ಹೆಸರು ಎಲ್ಲಿಯೂ ಇಲ್ಲ. ಹಂಪಿಯ ಮಾಳಿಗೆಯ ಚಿತ್ರಗಾರರ ವಿಷಯದಲ್ಲಿಯೂ ನಮಗೆ ಕಟ್ಟಿಸಿದವರ ಹೆಸರು ಗೊತ್ತು, ಬರೆದವರದು ಗೊತ್ತಿಲ್ಲ.

ಆದ್ದರಿಂದ ನಿಮ್ಮ ಮನೆಗೆ ಬಣ್ಣ ಬಳಿಯಲು ಬಂದವನು ಸಂಜೆ ಹೋಗುವಾಗ ನೆಲದ ಮೇಲೆ ಹನಿಯಿಲ್ಲದಿದ್ದರೆ ಅದನ್ನು ಗಮನಿಸಿರಿ. ಗೋಡೆಯ ಹೊಳಪನ್ನು ಎಲ್ಲರೂ ಹೊಗಳುತ್ತಾರೆ. ಬೀಳದೆ ಉಳಿದ ಹನಿಯನ್ನು ಯಾರೂ ಕಾಣುವುದಿಲ್ಲ. ಅವನಿಗೆ ಒಂದು ಲೋಟ ಚಹ ಕೊಡುವಾಗ ಆ ಮಾತನ್ನೂ ಹೇಳಿರಿ.