ಕಿಣ್ವವೂ ಲಾಗರ್ ಬಿಯರಿನ ಯೀಸ್ಟೂ

ಪುಣೆಯ ಯೆರವಡಾ ಭಾಗದ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತದ ಚಾರಿತ್ರಿಕ ಮಹಾನಿಘಂಟಿನ ಕಾರ್ಯವು ಡಾ. ಎಸ್. ಎಂ. ಕತ್ರೆಯವರ ನೇತೃತ್ವದಲ್ಲಿ 1948ರಲ್ಲಿ ಆರಂಭವಾಯಿತು. ಶಬ್ದವೊಂದರ ಅರ್ಥಗಳನ್ನು ಪ್ರಯೋಗಗಳ ಕಾಲಾನುಕ್ರಮದಲ್ಲಿ ನಿರೂಪಿಸುವುದು ಅದರ ಪದ್ಧತಿ. 1976ರಿಂದ ಪ್ರಕಟವಾಗುತ್ತಿರುವ ಅದರ ಸಂಪುಟಗಳು ಇನ್ನೂ ಅಕಾರವನ್ನು ದಾಟಿಲ್ಲವಾಗಿ, ‘ಕಿಣ್ವ’ ಶಬ್ದದ ಸರದಿ ಬಹುದೂರವಿದೆ. ಆದರೂ ಅದೇ ಪದ್ಧತಿಯಿಂದ ಈ ಶಬ್ದವನ್ನು ಪರಿಶೀಲಿಸಿದರೆ, ಲಾಗರ್ ಬಿಯರಿಗೆ ಯಾವ ಯೀಸ್ಟನ್ನು ಆರಿಸಬೇಕೆಂಬ ಪ್ರಶ್ನೆ ಹೇಗೆ ಹುಟ್ಟಿತೆಂಬುದು ತಿಳಿದುಬರುತ್ತದೆ.

ಇಂದಿನ ಕನ್ನಡ ವಿಜ್ಞಾನಗ್ರಂಥಗಳಲ್ಲಿ ಕಿಣ್ವವೆಂದರೆ ಎನ್‌ಜೈಮ್. ಕೌಟಿಲ್ಯನಲ್ಲಿ ಅರ್ಥ ಬೇರೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ‘ಅರ್ಥಶಾಸ್ತ್ರ’ದ ಸುರಾಧ್ಯಕ್ಷ ಪ್ರಕರಣದಲ್ಲಿ, ಉದ್ದಿನ ಹಿಟ್ಟು, ಅದಕ್ಕಿಂತ ಹೆಚ್ಚಿನ ಅಕ್ಕಿ, ಮೋರಟ ಮೊದಲಾದ ಮೂಲಿಕೆಗಳು, ಇವುಗಳಿಂದ ಕಿಣ್ವವನ್ನು ಕಟ್ಟುವ ಕ್ರಮವಿದೆ. ಇವು ದೋಸೆಯ ಹಿಟ್ಟಿನ ಧಾನ್ಯಗಳೇ ಎಂಬುದು ಕನ್ನಡಿಗರಿಗೆ ಹೊಳೆಯದಿರದು. ಮೇದಕವೆಂಬ ಮದ್ಯಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದು ವಿಧಿಸಿದೆ. ಆಢಕಕ್ಕೆ ನಾಲ್ಕು ಪ್ರಸ್ಥವಾದುದರಿಂದ ಅಕ್ಕಿ ಎರಡು ಪ್ರಸ್ಥ, ಕಿಣ್ವ ಮೂರು. ಹಾಲಿಗಿಂತ ಹೆಪ್ಪೇ ಹೆಚ್ಚಾದಂತಾಯಿತು.

ಧಾನ್ಯದ ಪಿಷ್ಟವು ನೇರವಾಗಿ ಮದ್ಯವಾಗದು. ಪಿಷ್ಟವನ್ನು ಸಕ್ಕರೆಯಾಗಿಸುವುದು ಎನ್‌ಜೈಮಿನ ಕೆಲಸ. ಸಕ್ಕರೆಯನ್ನು ಮದ್ಯಸಾರವಾಗಿಸುವುದು ಯೀಸ್ಟಿನ ಕೆಲಸ. ಮೊಳಕೆ ಬರಿಸದ ಅಕ್ಕಿಯ ಮದ್ಯದಲ್ಲಿ ಇವೆರಡನ್ನೂ ಕಿಣ್ವದೊಳಗಿನ ನಾನಾ ಸೂಕ್ಷ್ಮಜೀವಿಗಳೇ ನಡೆಸಿರಬೇಕು.

ಬಾರ್ಲಿಯ ಬಿಯರಿನಲ್ಲಿ ಈ ಕಾರ್ಯಗಳು ಬೇರ್ಪಟ್ಟಿವೆ. ಮೊದಲನೆಯದನ್ನು ಮೊಳಕೆಯೊಡೆದ ಬಾರ್ಲಿಯೇ ನೆರವೇರಿಸುವುದರಿಂದ ಯೀಸ್ಟನ್ನು ಪ್ರತ್ಯೇಕವಾಗಿ ಆರಿಸುವುದು ಸಾಧ್ಯವಾಯಿತು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಕೋಶದಿಂದ ಲಾಗರ್ ಯೀಸ್ಟಿನ ಶುದ್ಧ ತಳಿಯನ್ನು ಬೆಳೆಸಿದನು. ಸ್ಯಾಕರೋಮೈಸೀಸ್ ಪಾಸ್ಟೋರಿಯಾನಸ್ ಎಂದು ಈಗ ಕರೆಯಲ್ಪಡುವ ಇದು ಸಂಕರಜಾತಿಯದು. ಒಂದು ಮೂಲ ರೊಟ್ಟಿಯ ಯೀಸ್ಟಿನ ಜಾತಿ. ಇನ್ನೊಂದು ಚಳಿಯನ್ನು ಸಹಿಸುವ ಕಾಡು ಯೀಸ್ಟು. ಈ ಎರಡನೆಯದನ್ನು ಪೆಟಗೋನಿಯದ ಕಾಡುಗಳಲ್ಲಿ ಗುರುತಿಸಿದ ವಾರ್ತೆ 2011ರಲ್ಲಿ ಪ್ರಕಟವಾಯಿತು.

ಈ ವಂಶವೇ ಆಯ್ಕೆಯನ್ನು ನಿರ್ಣಯಿಸುತ್ತದೆ. ಲಾಗರ್ ಯೀಸ್ಟು ಸಾಮಾನ್ಯವಾಗಿ 8ರಿಂದ 13 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನಿರ್ಮಲವಾದ ರುಚಿಯನ್ನು ಕೊಡುತ್ತದೆ. ಏಲ್ ಬಿಯರಿನ ಯೀಸ್ಟಿಗೆ 18ರಿಂದ 22 ಡಿಗ್ರಿ ಒಗ್ಗುತ್ತದೆ. ಪುಣೆಯಲ್ಲಿ ಡಿಸೆಂಬರಿನ ರಾತ್ರಿ ತಣ್ಣಗಿದ್ದರೂ ಹಗಲು 30ರ ಸಮೀಪಕ್ಕೇರುವುದುಂಟು. ತುಸು ಹೆಚ್ಚಿನ ಉಷ್ಣತೆಯನ್ನು ತಾಳುವ ವೈಹೆನ್‌ಸ್ಟೆಫಾನ್ 34/70 ತಳಿಗೂ ಇಲ್ಲಿ ಶೀತಯಂತ್ರ ಬೇಕು. ಅದಿಲ್ಲದವನು ಅಲ್ಪಗಂಧದ ಏಲ್ ಯೀಸ್ಟನ್ನು ತಂಪಾದ ಎಡೆಯಲ್ಲಿಟ್ಟು ಲಾಗರಿನ ಹೋಲಿಕೆಯನ್ನಷ್ಟೆ ಪಡೆಯಬಲ್ಲನು. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಶಾಸನದ ಮೇರೆಗೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲವಾದುದರಿಂದ, ಯೆರವಡೆಯ ಗೃಹಸ್ಥನಿಗೆ ಇದು ತಿಳಿವಳಿಕೆಯ ಮಾತು ಮಾತ್ರ.

ಇನ್ನು ಶಬ್ದದ ವಿಚಾರ. ‘ಎನ್‌ಜೈಮ್’ ಎಂಬುದರ ಗ್ರೀಕ್ ಮೂಲಾರ್ಥ ‘ಹುದುಗಿನೊಳಗಿನದು’. ಅದಕ್ಕೆ ಕಿಣ್ವವೆಂಬ ಹೆಸರನ್ನಿತ್ತವರು ತಪ್ಪಿದರೆನ್ನಲಾಗದು. ಹಳೆಯ ಕಿಣ್ವದ ಎರಡು ಕಾರ್ಯಗಳಲ್ಲಿ ಒಂದನ್ನು ಅವರು ಉಳಿಸಿದರು. ಇನ್ನೊಂದಕ್ಕೆ ಯೀಸ್ಟೆಂಬ ಪರಭಾಷೆಯ ಹೆಸರೇ ನಿಂತಿದೆ. ಆದಕಾರಣ ‘ಅರ್ಥಶಾಸ್ತ್ರ’ವನ್ನು ಕನ್ನಡದಲ್ಲಿ ಓದುವವರು ಅಲ್ಲಿಯ ಕಿಣ್ವವನ್ನು ಎನ್‌ಜೈಮೆಂದಾಗಲಿ ಯೀಸ್ಟೆಂದಾಗಲಿ ಗ್ರಹಿಸಲಾಗದು. ‘ಹೆಪ್ಪು’ ಎಂಬ ನಮ್ಮ ಮನೆಮಾತೇ ಅದಕ್ಕೆ ಹೆಚ್ಚು ಸಮೀಪವಾದುದು.