ಕೆಂಪು ಮೂತಿ, ಬೆಳ್ಳಿ ಮೈ: ಒಂದು ಬಣ್ಣ ಕೊಟ್ಟ ಮಾತು

1/7
ಆಟಿಕೆ ರೈಲಿನ ಡಬ್ಬದ ಮೇಲೋ, ಹಳೇ ಹಾಲಿವುಡ್ ಸಿನಿಮಾದಲ್ಲೋ ಈ ಎಂಜಿನ್ನನ್ನ ನೀವು ನೋಡಿರಬಹುದು. ಮೂತಿ ಕೆಂಪು, ಮೈ ಬೆಳ್ಳಿ, ಎರಡೂ ಸೇರೋ ಕಡೆ ಹಳದಿ-ಕಪ್ಪು ಗೆರೆ. ಇದು ಅಮೆರಿಕದ ಸಾಂಟಾ ಫೆ ರೈಲ್ವೆಯ ಪ್ಯಾಸೆಂಜರ್ ಎಂಜಿನ್‌ಗಳ ಬಣ್ಣ. ಹೆಸರು ‘ವಾರ್‌ಬಾನೆಟ್’. ರೈಲು ಹುಚ್ಚಿರೋ ನಾಲ್ಕು ಜನ ಸೇರಿ ‘ಯಾವ ಎಂಜಿನ್ ಚಂದ’ ಅಂತ ಜಗಳ ಆಡಿದ್ರೆ ಈ ಹೆಸರು ಬಂದೇ ಬರುತ್ತೆ. ಆದ್ರೆ ಇವತ್ತಿನ ಪ್ರಶ್ನೆ ಬೇರೆ. ಬಣ್ಣ ಹಾಗೇ ಉಳಿದು ರೈಲು ಕೆಟ್ಟರೆ ಏನಾಗುತ್ತೆ? ಸ್ವೈಪ್ ಮಾಡಿ.

2/7
1936ರ ಮೇ ತಿಂಗಳು. ಶಿಕಾಗೊದಿಂದ ಲಾಸ್ ಏಂಜಲೀಸ್‌ಗೆ ‘ಸೂಪರ್ ಚೀಫ್’ ಅನ್ನೋ ರೈಲು ಶುರುವಾಯ್ತು. ಸುಮಾರು 3,580 ಕಿ.ಮೀ. ದೂರ, 39 ಗಂಟೆ 45 ನಿಮಿಷದ ಪಯಣ. ದಾರಿಯಲ್ಲಿ ಅರಿಜೋನಾ, ಕ್ಯಾಲಿಫೋರ್ನಿಯಾದ ಮರುಭೂಮಿ. ಉಗಿ ಎಂಜಿನ್ ಹೆಜ್ಜೆಹೆಜ್ಜೆಗೂ ನೀರು ಕೇಳುತ್ತೆ, ಅಲ್ಲಿ ನೀರಿಗೇ ಬರ. ಹಾಗಾಗಿ ಈ ರೈಲಿಗೆ ಡೀಸೆಲ್ ಎಂಜಿನ್ ಬಂತು. ಮೊದಲ ವರ್ಷದ ಎಂಜಿನ್‌ಗಳು ಪೆಟ್ಟಿಗೆ ಥರ ಚೌಕಾಕಾರ. 1937ರಲ್ಲಿ ಹೊಳೆಯೋ ಸ್ಟೇನ್‌ಲೆಸ್ ಸ್ಟೀಲ್ ಬೋಗಿಗಳು ಬಂದಾಗ ಜೊತೆಗೇ ಇ-1 ಅನ್ನೋ ಹೊಸ ಎಂಜಿನ್ ಬಂತು, ಮುಂದಿನ ಭಾಗ ನುಣುಪಾಗಿ ಇಳಿಜಾರು. ಅದಕ್ಕೆ ಬಣ್ಣ ಯೋಚಿಸಿದವರು ಜನರಲ್ ಮೋಟರ್ಸ್‌ನ ಎಲೆಕ್ಟ್ರೋ-ಮೋಟಿವ್ ವಿಭಾಗದ ಕಲಾವಿದ ಲೆಲ್ಯಾಂಡ್ ನಿಕರ್‌ಬಾಕರ್.

ಹುಬ್ಬಳ್ಳಿಯವರು ಗಮನಿಸಿ: 1999ರಲ್ಲಿ ಸಮುದ್ರ ದಾಟಿ ಬಂದು ನಿಮ್ಮೂರಿನ ಡೀಸೆಲ್ ಶೆಡ್ ಸೇರಿದ ‘ಜಿಎಂ’ ಎಂಜಿನ್‌ಗಳೂ ಇದೇ ಎಲೆಕ್ಟ್ರೋ-ಮೋಟಿವ್ ವಂಶದವು. ದೂರದ ನೆಂಟರು ಅಂದ್ಕೊಳ್ಳಿ.

3/7
ಚಿತ್ರವನ್ನ ಇನ್ನೊಮ್ಮೆ ನೋಡಿ. ಮೂತಿಯ ಕೆಂಪು ಎರಡೂ ಪಕ್ಕಕ್ಕೆ ಬಾಗಿ ಹಿಂದಕ್ಕೆ ಹರಿಯುತ್ತಲ್ಲ, ಅದು ಅಮೆರಿಕದ ಮೂಲನಿವಾಸಿ ಮುಖಂಡರ ಗರಿಯ ಕಿರೀಟದ ನೆರಳು. ‘ವಾರ್‌ಬಾನೆಟ್’ ಅಂದ್ರೆ ಅದೇ. ‘ಚೀಫ್’ ಅಂದ್ರೂ ಮುಖಂಡ. ಬೋಗಿಗಳಿಗೆ ಅಕೋಮಾ, ಲಗೂನಾ, ಟಾವೋಸ್ ಅಂತ ನೈಋತ್ಯದ ಪ್ಯೂಬ್ಲೊ ಜನರ ಊರುಗಳ ಹೆಸರು. ಆದ್ರೆ ಗರಿಯ ಕಿರೀಟ ಪ್ಯೂಬ್ಲೊ ಜನರದ್ದಲ್ಲ, ಅದು ಬಯಲುಸೀಮೆಯ ಬುಡಕಟ್ಟುಗಳದ್ದು. ಎಲ್ಲರದ್ದನ್ನೂ ಒಂದೇ ಬುಟ್ಟಿಗೆ ಹಾಕಿ ಟಿಕೆಟ್ ಮಾರಿದ್ರು. ಚಂದ ಅನ್ನೋಣ, ಆದ್ರೆ ಯಾರದ್ದನ್ನ ಕೇಳದೆ ತಗೊಂಡ್ರು ಅನ್ನೋದನ್ನೂ ಮರೆಯೋದು ಬೇಡ.

4/7
ಈ ಬಣ್ಣಕ್ಕೆ ಒಂದು ಅರ್ಥ ಇತ್ತು. ಸಾಂಟಾ ಫೆಯಲ್ಲಿ ಗೂಡ್ಸ್ ಡೀಸೆಲ್‌ಗೆ ನೀಲಿ-ಹಳದಿ, ಪ್ಯಾಸೆಂಜರ್‌ಗೆ ಕೆಂಪು-ಬೆಳ್ಳಿ. ಕೆಂಪು ಮೂತಿ ಬಂತು ಅಂದ್ರೆ ಒಳ್ಳೇ ಊಟ, ಚೊಕ್ಕ ಬೋಗಿ, ಹೇಳಿದ ಸಮಯ. ಹಾಲಿವುಡ್ ನಟನಟಿಯರೂ ಇದನ್ನೇ ಹತ್ತುತ್ತಿದ್ರು. 1948ರಲ್ಲಿ ಲಯನೆಲ್ ಕಂಪನಿ ಇದೇ ಬಣ್ಣದ ಆಟಿಕೆ ಎಂಜಿನ್ ತಂದಿತು. ರೈಲು ಹತ್ತದ ಮಕ್ಕಳ ಮನೆಗೂ ಕೆಂಪು ಮೂತಿ ಬಂತು.

ಆಮೇಲೆ ಹೆದ್ದಾರಿ, ವಿಮಾನ. 1967ರಲ್ಲಿ ಅಂಚೆ ಇಲಾಖೆ ಬಹುಪಾಲು ರೈಲುಗಳಿಂದ ಟಪಾಲು ಕೆಲಸ ವಾಪಸ್ ತಗೊಂಡಾಗ ಅದರ ಆದಾಯವೂ ಹೋಯ್ತು.

5/7
1971 ಮೇ 1. ಆಮ್‌ಟ್ರ್ಯಾಕ್ ಅನ್ನೋ ಹೊಸ ರಾಷ್ಟ್ರೀಯ ಸಂಸ್ಥೆ 20 ರೈಲ್ವೆ ಕಂಪನಿಗಳ ಪ್ಯಾಸೆಂಜರ್ ರೈಲುಗಳನ್ನ ವಹಿಸಿಕೊಂಡಿತು. ಕೈಯಲ್ಲಿ ಸ್ವಂತ ಎಂಜಿನ್ ಇಲ್ಲ, ಸ್ವಂತ ಬಣ್ಣಕ್ಕೆ ಸಮಯ ಇಲ್ಲ. ಒಂದೇ ರೈಲಲ್ಲಿ ಒಬ್ಬರ ಎಂಜಿನ್, ಇನ್ನೊಬ್ಬರ ಬೋಗಿ. ರೈಲುಪ್ರೇಮಿಗಳು ಈ ಕಾಲವನ್ನ ‘ರೇನ್‌ಬೋ’ ಕಾಲ ಅಂತಾರೆ. ಫೋಟೋ ತೆಗೆಯೋರಿಗೆ ಹಬ್ಬ! ಪ್ರಯಾಣಿಕರಿಗೆ ಅಷ್ಟೇನಲ್ಲ.

ಈಗ ಮುಖ್ಯ ವಿಷಯ. ‘ಸೂಪರ್ ಚೀಫ್’ ಹೆಸರು ಸಾಂಟಾ ಫೆಯ ಸ್ವತ್ತು. ಸೇವೆ ಮೊದಲಿನಂತಿಲ್ಲ ಅಂತ 1974ರಲ್ಲಿ ಕಂಪನಿ ಆ ಹೆಸರನ್ನೇ ವಾಪಸ್ ಕಿತ್ಕೊಂಡಿತು! ರೈಲು ‘ಸೌತ್‌ವೆಸ್ಟ್ ಲಿಮಿಟೆಡ್’ ಆಯ್ತು. ‘ಚೀಫ್’ ಅನ್ನೋ ಪದ ತಿರುಗಿ ಸಿಕ್ಕಿದ್ದು 1984ರಲ್ಲಿ, ‘ಸೌತ್‌ವೆಸ್ಟ್ ಚೀಫ್’ ಅಂತ. ಹತ್ತು ವರ್ಷ ಕಾಯಬೇಕಾಯ್ತು ನೋಡಿ.

6/7
ಇತ್ತ ಸಾಂಟಾ ಫೆಯಲ್ಲಿ ಉಳಿದದ್ದು ಬರೀ ಗೂಡ್ಸ್. ಕೆಂಪು-ಬೆಳ್ಳಿ ಎಂಜಿನ್‌ಗಳಿಗೂ ನೀಲಿ-ಹಳದಿ ಬಳಿದ್ರು. 1980ರ ದಶಕದಲ್ಲಿ ಸದರ್ನ್ ಪೆಸಿಫಿಕ್ ಜೊತೆ ವಿಲೀನ ಆಗಿಯೇ ಬಿಡುತ್ತೆ ಅಂತ ನೂರಾರು ಎಂಜಿನ್‌ಗೆ ಕೆಂಪು-ಹಳದಿ ಬಳಿದು, ಮೈಮೇಲೆ ಅರ್ಧ ಹೆಸರು ಬರೆದು, ಇನ್ನರ್ಧಕ್ಕೆ ಜಾಗ ಬಿಟ್ಟರು. 1986ರಲ್ಲಿ ಸರ್ಕಾರದ ವಾಣಿಜ್ಯ ಆಯೋಗ ‘ಆಗಲ್ಲ’ ಅಂತು. ‘ಎಸ್‌ಪಿಎಸ್‌ಎಫ್’ ಅಂದ್ರೆ ‘ಶುಡಂಟ್ ಪೇಂಟ್ ಸೋ ಫಾಸ್ಟ್’ ಅಂತ ರೈಲುಪ್ರೇಮಿಗಳು ಇವತ್ತಿಗೂ ನಗ್ತಾರೆ. ಕೂಸು ಹುಟ್ಟೋ ಮುಂಚೆ ಕುಲಾವಿ!

1989ರಲ್ಲಿ ಮೈಕ್ ಹ್ಯಾವರ್ಟಿ ಅಧ್ಯಕ್ಷರಾದ್ರು. ಒಂದು ಕಾಲದಲ್ಲಿ ಪ್ಯಾಸೆಂಜರ್ ಎಳೆದಿದ್ದ ಎಫ್‌ಪಿ-45 ಎಂಜಿನ್‌ಗಳಿಗೆ ಮತ್ತೆ ಕೆಂಪು-ಬೆಳ್ಳಿ ಬಳಿಸಿದ್ರು, ಹೊಸ ಎಂಜಿನ್‌ಗಳಿಗೂ ಅದೇ. ಹೆಸರು ‘ಸೂಪರ್ ಫ್ಲೀಟ್’.

ಇಲ್ಲಿ ಎರಡು ಪಕ್ಷ. ಒಬ್ಬರು: ಗೂಡ್ಸ್ ಎಂಜಿನ್‌ಗೆ ಪ್ಯಾಸೆಂಜರ್ ವೇಷ ಯಾಕೆ? ಇನ್ನೊಬ್ಬರು: ಇದು ವೇಷ ಅಲ್ಲ, ‘ನಾವು ಮತ್ತೆ ಸಮಯಕ್ಕೆ ಓಡ್ತೀವಿ’ ಅನ್ನೋ ಘೋಷಣೆ. ನಾನು ಎರಡನೇ ಪಕ್ಷ. ಆ ಎಂಜಿನ್‌ಗಳು ಎಳೆದದ್ದು ಕಂಪನಿಯ ಅತಿ ಅವಸರದ ಕಂಟೇನರ್ ರೈಲುಗಳನ್ನ. ಅದೇ ವರ್ಷ ಟ್ರಕ್ ಕಂಪನಿ ಜೆ.ಬಿ. ಹಂಟ್ ಜೊತೆ ಕೈಜೋಡಿಸಿದ್ದೂ ಇದೇ ಸಾಂಟಾ ಫೆ. ಬಣ್ಣದ ಹಿಂದೆ ಕೆಲಸ ಇತ್ತು.

7/7
1990ರ ದಶಕದ ನಡುವೆ ಸಾಂಟಾ ಫೆ ಇನ್ನೊಂದು ರೈಲ್ವೆ ಜೊತೆ ಸೇರಿ ಬಿಎನ್‌ಎಸ್‌ಎಫ್ ಆಯ್ತು. ಹೊಸ ಮನೆಯ ಬಣ್ಣ ಕಿತ್ತಳೆ. ಕೆಂಪು ಮಾಸಿ ಗುಲಾಬಿಯಾದ ಹಳೇ ಎಂಜಿನ್ ಗೂಡ್ಸ್ ಸಾಲಲ್ಲಿ ಕಂಡರೆ ಅಲ್ಲಿನ ಹುಡುಗರು ಕ್ಯಾಮೆರಾ ಹಿಡಿದು ಓಡ್ತಾರೆ. ಚೊಕ್ಕವಾಗಿ ಕಾಪಾಡಿದ 347ಸಿ ನಂಬರಿನ ಎಂಜಿನ್ ನೋಡಬೇಕು ಅಂದ್ರೆ ಸ್ಯಾಕ್ರಮೆಂಟೊದ ರೈಲು ಮ್ಯೂಸಿಯಂಗೆ ಹೋಗಬೇಕು.

ನಮ್ಮಲ್ಲೂ ಈ ಜಗಳ ಇದೆ ಅಲ್ವಾ? ವಂದೇ ಭಾರತ್ 2019ರಲ್ಲಿ ಬಿಳಿ-ನೀಲಿ, 2023ರಲ್ಲಿ ಕೇಸರಿ-ಬೂದು. ಯಾವುದು ಚಂದ ಅಂತ ಜಗಳ ಆಡಿ, ನಾನೂ ಬರ್ತೀನಿ. ಜೊತೆಗೆ ಇನ್ನೊಂದು ಕೇಳಿ: ಹೊತ್ತಿಗೆ ಬಂತಾ? ಶೌಚಾಲಯದಲ್ಲಿ ನೀರಿತ್ತಾ? ಜನರಲ್ ಬೋಗಿಯವರಿಗೂ ಜಾಗ ಸಿಕ್ತಾ? ಬಣ್ಣ ಮಾತು ಕೊಡುತ್ತೆ, ಉಳಿಸ್ಕೊಳ್ಳೋದು ಓಡಿಸೋರ ಕೈಲಿದೆ.

ನಿಮ್ಮೂರಲ್ಲಿ ನಿಲ್ಲೋ ರೈಲಿನ ಎಂಜಿನ್ ಯಾವ ಬಣ್ಣ? ಮಾತು ಉಳಿಸ್ಕೊಂಡಿದೆಯಾ? ಕಾಮೆಂಟಲ್ಲಿ ಬರೀರಿ.

#ರೈಲುಕಥೆ #ಎಂಜಿನ್‌ಬಣ್ಣ #ಕನ್ನಡದಲ್ಲಿಇತಿಹಾಸ